ಕೆಂಪು ಎಂದರೆ ಹಣ್ಣು

ಗೋಣಿಕೊಪ್ಪದ ಬೈಪಾಸ್ ರಸ್ತೆಯ ಕೊನೆಗೆ
ಮೊಯ್ದು ಕಾಕರ ಮೋಟಾರ್ ರಿವೈಂಡಿಂಗ್ ಅಂಗಡಿ.
ಮುಂದೆ ತಾಮ್ರದ ತಂತಿ, ವಾರ್ನಿಷಿನ ವಾಸನೆ;
ಹಿಂದೆ ಒಂದು ಮೇಜು, ನಾನು, ಬಿಲ್ಲು ಪುಸ್ತಕ,
ಈಗ ಹೊಸದಾಗಿ ಒಂದು ಪರದೆ.

ಪರದೆಯ ಮೇಲೆ ಹನ್ನೆರಡು ಕಂಬ, ತಿಂಗಳಿಗೊಂದು.
ಒಂದೊಂದರಲ್ಲೂ ಮೂರು ಬಣ್ಣ,
ಟಿಫಿನ್ ಕ್ಯಾರಿಯರಿನ ಡಬ್ಬಿಗಳ ಹಾಗೆ ಒಂದರ ಮೇಲೊಂದು:
ತಳದಲ್ಲಿ ಹಸಿರು, ಕೈಗೆ ಬಂದದ್ದು;
ನಡುವೆ ಹಳದಿ, ‘ಕಾಫಿ ಮಾರಲಿ, ಕೊಡ್ತೀನಿ’ ಅಂದದ್ದು;
ನೆತ್ತಿಯಲ್ಲಿ ಕೆಂಪು,
ಏನನ್ನೂ ಅನ್ನದೆ ಉಳಿದದ್ದು.

ಕಾಕ ಕನ್ನಡಕ ಹಣೆಗೇರಿಸಿ ನೋಡಿದರು.
“ಮಾರ್ಚಿ ಎಷ್ಟು ಎತ್ತರ!”
ಹೌದು. ಹೂಮಳೆ ಕೈಕೊಟ್ಟ ವರ್ಷ ಅದು.
ಹಗಲೂ ರಾತ್ರಿ ಸ್ಪ್ರಿಂಕ್ಲರ್ ತಿರುಗಿ,
ಕೆರೆಯ ತಳ ಕಂಡು, ಪಂಪು ಒಣಗಿ ಸುಟ್ಟು,
ಜೀಪಿನ ಹಿಂದೆ ಬಂದ ಮೋಟಾರುಗಳ ಸಾಲು
ರಸ್ತೆತನಕ ಕೂತಿತ್ತು.

ಎತ್ತರ ನೋಡಬೇಡಿ ಕಾಕ, ಎಂದೆ.
ಎತ್ತರ ನಾವು ಬರೆದ ಬಿಲ್ಲು. ಬುಡ ನೋಡಿ.
ಆಗಸ್ಟಿನ ಕಂಬ ಗಿಡ್ಡ,
ಆದರೆ ಅಡಿಯಿಂದ ಮುಡಿಯತನಕ ಹಸಿರು.
ಮಳೆಗಾಲದಲ್ಲಿ ಬರೀ ಮಿಕ್ಸಿ, ಬೇಕರಿಯ ಗ್ರೈಂಡರು;
ರಿಪೇರಿ, ಎಣಿಸಿದ ನೋಟು, ಮುಗೀತು.
ಮಾರ್ಚಿಯದು
ಬುಡದಲ್ಲಿ ಗೇಣು ಹಸಿರು,
ಮೇಲೆಲ್ಲ ಮಾತು.

ಅವರು ಬೇರೆಯದನ್ನೇ ಓದುತ್ತಿದ್ದರು.
“ಕೆಂಪು ಅಂದ್ರೆ ಹಣ್ಣಲ್ವಾ ದಮಯಂತೀ?
ಹಸಿರು ಇನ್ನೂ ಕಾಯಿ.
ನೀನು ತಲೆಕೆಳಗು ಬಳಿದಿದ್ದೀ.”
ಪಾಲಿಬೆಟ್ಟದ ತೋಟದಲ್ಲಿ ಹುಡುಗನಾಗಿ
ಕಾಫಿ ಕುಯ್ದ ಕೈ ಅದು;
ಹಸಿರು ಕಿತ್ತರೆ ಮೇಸ್ತ್ರಿ ಕೂಲಿ ಮುರಿಯುತ್ತಿದ್ದ.
ಕಂಪ್ಯೂಟರಿಗೇನು, ಹೇಳಿದ ಬಣ್ಣ ಬಳಿಯಿತು:
ಬಂದದ್ದು ಕೆಂಪು, ಬಾರದ್ದು ಹಸಿರು.
ವಿರಾಜಪೇಟೆಯ ಆಡಿಟರ್ ಕೂಸಪ್ಪನವರು
ಪರದೆ ಕಂಡದ್ದೇ ಚಹಾ ಲೋಟ ಕೆಳಗಿಟ್ಟರು:
“ಅಂಗಡಿ ಮುಳುಗಿತೇನ್ರೀ?”
ಕಾಕ ನಕ್ಕಿದ್ದು
ಗ್ರೈಂಡಿಂಗ್ ಮಶೀನಿಗಿಂತ ಜೋರು.

ನನಗೆ ಇಂದಿಗೂ ಸೋಜಿಗ ಇದು:
ಕಂಬ ನಿಲ್ಲುವುದು ಬಿಲ್ಲು ಬರೆದ ತಿಂಗಳಲ್ಲಿ.
ಬಾಳೆಲೆಯ ಚೆಂಗಪ್ಪನವರು ಜನವರಿಯಲ್ಲಿ
ಕಾಫಿ ಒಣಗಿಸಿ, ಮಾರಿ, ಕವರು ತಂದು ಕೊಟ್ಟರೆ
ಹಣ್ಣಾಗುವುದು ಎಂದೋ ಮುಗಿದ ಮಾರ್ಚಿ.
ಕಳೆದುಹೋದ ಬೇಸಿಗೆ
ನನ್ನ ಕಣ್ಣೆದುರೇ ಒಂದು ಬೆರಳು ಕೆಂಪಾಗುತ್ತದೆ.
ಎತ್ತರ ಮಾತ್ರ ಕದಲುವುದಿಲ್ಲ.

ತೇಲುವ ಬಣ್ಣ ಅಳೆಯುವುದು ಕಷ್ಟ.
ಒಂದು ಕಂಬದಲ್ಲಿ ಸೊಂಟದಿಂದ ಶುರು, ಇನ್ನೊಂದರಲ್ಲಿ ಕತ್ತಿನಿಂದ;
ಯಾವ ಹಸಿರು ಹೆಚ್ಚು,
ಕಣ್ಣು ಆಣೆ ಮಾಡಿ ಹೇಳಲಾರದು.
ಒಂದು ಮಧ್ಯಾಹ್ನ, ಕರೆಂಟು ಬಂದು ಹೋಗುವ ಸಂದಿನಲ್ಲಿ,
ಹಸಿರನ್ನೆಲ್ಲ ತಳಕ್ಕಿಳಿಸಿದೆ.
ಬಾಕಿಗಳೆಲ್ಲ ಒಂದೇ ನೆಲದ ಮೇಲೆ,
ಶಾಲೆಯ ಸಾಲಿನ ಹಾಗೆ, ಹೆಗಲಿಗೆ ಹೆಗಲು.

ಏಪ್ರಿಲ್ ಪೂರ್ತಿ ಹಣ್ಣಾಗಿತ್ತು,
ಅಡಿಯಲ್ಲಿ ಕೂದಲೆಳೆ ಹಸಿರೊಂದು ಬಿಟ್ಟು.
ನಾಲ್ಕು ಸಾವಿರದ ಇನ್ನೂರು. ಪೊನ್ನಂಪೇಟೆಯ ಮಾಚಮ್ಮ.
ಫೋನು ಮಾಡಿದೆ.
“ಮೋಟಾರು ನಿಮ್ಮಲ್ಲೇ ಇದೆಯಲ್ಲಮ್ಮ.
ಅದು ಬರಲಿ, ದುಡ್ಡು ಬರುತ್ತೆ.”
ಕಾಕರನ್ನು ಕೇಳಿದೆ.
“ದುಡ್ಡು ಬರಲಿ, ಮೋಟಾರು ಹೋಗುತ್ತೆ.”

ಬಗ್ಗಿ ನೋಡಿದೆ.
ಹತ್ತು ತಿಂಗಳಿಂದ ನಾನು
ಕಾಲಿಟ್ಟು ಕೂರುವ ತಣ್ಣನೆ ಕಬ್ಬಿಣ;
ಕೊರಳಿಗೆ ಕಟ್ಟಿದ ಚೀಟಿಯಲ್ಲಿ ನನ್ನದೇ ಅಕ್ಷರ:
‘ಮಾಚಮ್ಮ. ಒಂದೂವರೆ ಎಚ್.ಪಿ. ರೆಡಿ.’

ಚೀಟಿಯ ಧೂಳು ಒರೆಸಿದೆ.
ಚಪ್ಪಲಿ ಬಿಟ್ಟು
ಮತ್ತೆ ಕಾಲಿಟ್ಟೆ.